ಹದಿನೈದು ದಿನದ ಜರಡಿ

ಕನ್ನಡದ ಮೊದಲ ಪತ್ರಿಕೆಯೆಂದು ನಾವು ನೆನೆಯುವ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂದಿತು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕ. ಅದು ಪಾಕ್ಷಿಕ. ಹದಿನೈದು ದಿನಕ್ಕೊಮ್ಮೆ ಅಚ್ಚಾಗುವ ಹಾಳೆಗೆ ಸುದ್ದಿ ಆರಿಸುವವನು ಒಂದು ಪ್ರಶ್ನೆಯನ್ನು ಕೇಳಿಕೊಳ್ಳದೆ ವಿಧಿಯಿಲ್ಲ: ಓದುಗನ ಕೈ ಸೇರುವ ಹೊತ್ತಿಗೂ ಇದು ಸುದ್ದಿಯಾಗಿ ಉಳಿದಿರುತ್ತದೆಯೇ? ಇಂದು ಸುದ್ದಿ ಗಳಿಗೆಗೊಂದರಂತೆ ಬರುತ್ತದೆ. ಆ ಜರಡಿ ಹಿಡಿಯುವ ಕೆಲಸ ಸಂಪಾದಕನ ಕೈಯಿಂದ ಓದುಗನ ಕೈಗೆ ಬಂದಿದೆ.

ದೆಹಲಿಯ ದ್ವಾರಕಾದಲ್ಲಿ ನೆಲೆಸಿದ ನನ್ನಂಥ ಕನ್ನಡಿಗನಿಗೆ ಈ ಕೆಲಸದಲ್ಲಿ ಇನ್ನೊಂದು ತೊಡಕಿದೆ. ಊರಿನದೆಲ್ಲ ಹಿರಿದಾಗಿಯೂ ಇಲ್ಲಿನದು ಪರರ ಮನೆಯ ವಿಚಾರವಾಗಿಯೂ ಕಾಣುವುದು ದೂರದ ಗುಣ. ನೀರಿನ ಸುದ್ದಿಯನ್ನೇ ನೋಡಿ.

2016ರ ಸೆಪ್ಟೆಂಬರ್ 12ರಂದು ಕಾವೇರಿಯ ವಿವಾದದಲ್ಲಿ ಬೆಂಗಳೂರಿನ ಬಸ್ಸುಗಳು ಉರಿದವು, ಗೋಲಿಬಾರಿನಲ್ಲಿ ಜೀವಹಾನಿಯಾಯಿತು. ಆ ಜ್ವಾಲೆಯನ್ನು ಪರದೆಯ ಮೇಲೆ ನೋಡಿ ಇಲ್ಲಿದ್ದ ನಾವೆಲ್ಲ ಊರಿಗೆ ಕರೆ ಮಾಡಿ ಕ್ಷೇಮ ವಿಚಾರಿಸಿದೆವು. ಮನೆಯವರು ಕ್ಷೇಮವೆಂದು ತಿಳಿದ ಮೇಲೆ ನಮ್ಮಲ್ಲಿ ಬಹುಮಂದಿಗೆ ಆ ಸುದ್ದಿ ಮುಗಿದಿತ್ತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂದಾಗ ಕರ್ನಾಟಕದ ಪಾಲು 270ರಿಂದ 284.75 ಟಿಎಂಸಿಗೆ ಏರಿತು. ಗೆದ್ದವರು ಯಾರು, ಸೋತವರು ಯಾರು ಎಂಬ ಚರ್ಚೆಯಲ್ಲಿ ಆ ಸಂಜೆ ಕಳೆಯಿತು. ಹೆಚ್ಚಿದ 14.75 ಟಿಎಂಸಿಯಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಉಳಿದ 10 ಟಿಎಂಸಿಗೆ ಆಧಾರ ತಮಿಳುನಾಡಿನ ಕೊಳ್ಳದಲ್ಲಿರುವ ಅಂತರ್ಜಲ. ನೆಲದಡಿಯ, ಕಣ್ಣಿಗೆ ಕಾಣದ ನೀರು ನದಿ ಹಂಚಿಕೆಯ ಲೆಕ್ಕಕ್ಕೆ ಬಂದಿತ್ತು. ಜರಡಿಯಲ್ಲಿ ಉಳಿಯುವ ಕಾಳು ಅದು. ಗದ್ದಲದಲ್ಲಿ ಅದು ಕೇಳಿಸಲೇ ಇಲ್ಲ.

ಅದೇ 2016ರ ಫೆಬ್ರವರಿಯಲ್ಲಿ ಹರಿಯಾಣದ ಜಾಟ್ ಮೀಸಲಾತಿ ಚಳವಳಿಯ ವೇಳೆ ಮುನಕ್ ಕಾಲುವೆಗೆ ಹಾನಿಯಾಗಿ ದೆಹಲಿಯ ನೀರು ಶುದ್ಧೀಕರಣ ಘಟಕಗಳು ನಿಂತವು. ಕಾಲುವೆಯನ್ನು ವಶಕ್ಕೆ ಪಡೆಯಲು ಸೇನೆಯೇ ಬರಬೇಕಾಯಿತು. ಊರಿನವರಿಗೆ ಅದು ಉತ್ತರ ಭಾರತದ ಯಾವುದೋ ಜಾತಿ ಚಳವಳಿ. ನಮಗೆ ಅದು ಅಡುಗೆಮನೆಯ ಖಾಲಿ ಕೊಡ. ಆದರೂ ನಮ್ಮ ಕೂಟಗಳಲ್ಲಿ ಕಾವೇರಿಯ ಮಾತು ನಡೆದಷ್ಟು ಮುನಕ್ಕಿನ ಮಾತು ನಡೆಯಲಿಲ್ಲ.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದೇ ಸುದ್ದಿ ಕಾಣುತ್ತದೆ. ಬೆಂಗಳೂರು ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಮೇಲಕ್ಕೆತ್ತಿ ಕುಡಿಯುತ್ತದೆ. ದೆಹಲಿ ಅಷ್ಟೇ ದೂರದ ಕಾಲುವೆಯಲ್ಲಿ ಯಮುನೆಯನ್ನು ತರಿಸಿಕೊಳ್ಳುತ್ತದೆ. ಎರಡು ಮಹಾನಗರಗಳೂ ಅನ್ಯರ ಹೊಲಗಳ ನಡುವೆ ಹಾದುಬಂದ ನೀರಿನಿಂದ ಬದುಕಿವೆ. ಬಸ್ಸು ಸುಟ್ಟ ದಿನವೂ ಕಾಲುವೆ ಒಡೆದ ದಿನವೂ ಈ ಸತ್ಯದ ಮೇಲಿನ ಬೊಬ್ಬೆಗಳು. ಸುದ್ದಿ ಮಹತ್ವದ್ದೋ ಎಂದು ತೂಗುವಾಗ ಅದು ಯಾವ ಊರಿನದು ಎಂಬುದಕ್ಕಿಂತ, ಹದಿನೈದು ದಿನ ಕಳೆದ ಮೇಲೂ ಯಾರ ಕೊಡ ಖಾಲಿ ಉಳಿಯುತ್ತದೆ ಎಂದು ನಾನು ಕೇಳಿಕೊಳ್ಳುತ್ತೇನೆ.

ಈ ಜರಡಿಗೂ ಒಂದು ಮಿತಿಯಿದೆ. ವರ್ಷವರ್ಷವೂ ಇಳಿಯುವ ಅಂತರ್ಜಲ ಇಂಥ ದಿನ ಇಳಿಯಿತು ಎನ್ನಲು ಬಾರದು. ತಿಥಿಯಿಲ್ಲದ ಘಟನೆಗೆ ಪತ್ರಿಕೆಯಲ್ಲಿ ಜಾಗ ಸಿಗುವುದು ಕಷ್ಟ. ಜರಡಿಗೆ ಬೀಳದ್ದನ್ನು ಜರಡಿ ಹಿಡಿಯಲಾರದು. ಅದನ್ನು ನಾವೇ ಕೇಳಿ ತಿಳಿಯಬೇಕು.

ತುಮಕೂರಿನ ಕಡೆಯಿಂದ ಭಾನುವಾರ ಕರೆ ಮಾಡುವ ಅಕ್ಕ ‘ಏನೋ ವಿಶೇಷ?’ ಎನ್ನುತ್ತಾಳೆ. ರಾಜಧಾನಿಯಲ್ಲಿರುವ ತಮ್ಮನಿಂದ ರಾಜಕೀಯದ ಒಳಸುದ್ದಿ ಸಿಕ್ಕೀತೆಂಬ ಆಸೆ ಅವಳಿಗೆ. ತೋಟದ ಕೊಳವೆಬಾವಿಯಲ್ಲಿ ನೀರು ಈಗ ಎಷ್ಟು ಅಡಿಗೆ ಸಿಗುತ್ತಿದೆ ಎಂದು ನಾನು ಕೇಳುತ್ತೇನೆ. ‘ಅದೂ ಒಂದು ಸುದ್ದಿಯೇನೋ!’ ಎಂದು ನಗುತ್ತಾಳೆ. ಆಮೇಲೆ ದನಿ ತಗ್ಗಿಸಿ ಅಡಿ ಹೇಳುತ್ತಾಳೆ.