ಮಂಗಳನ ಹೆಸರು

ಸರ್ಕಾರಿ ಕಛೇರಿಯ ಗುಮಾಸ್ತೆಗೆ ವರ್ಷದಲ್ಲಿ ತಿಂಗಳು ಹನ್ನೆರಡಲ್ಲ, ಎರಡೇ. ಒಂದು ಮಾರ್ಚಿ, ಇನ್ನೊಂದು ಮಾರ್ಚಿಯಲ್ಲದ್ದು. ಹನ್ನೊಂದು ತಿಂಗಳು ಬೀರುವಿನಲ್ಲಿ ನಿದ್ದೆ ಹೊಡೆದ ಕಡತಗಳೆಲ್ಲ ಆಗ ಒಮ್ಮೆಗೇ ಎದ್ದು ಕೂರುತ್ತವೆ. ಮೂವತ್ತೊಂದನೆಯ ತಾರೀಖಿನೊಳಗೆ ಬಿಲ್ಲು ಪಾಸಾಗದಿದ್ದರೆ ಹಣ ಲ್ಯಾಪ್ಸ್ ಆಗುತ್ತದೆ. ಆ ದಿನಗಳಲ್ಲಿ ರಜೆ ಕೇಳಲು ಹೋದವನಿಗೆ ಮಂಗಳಾರತಿಯೇ ಗತಿ. ನಮ್ಮ ಸೆಕ್ಷನ್ನಿನ ಹಿರಿಯರೊಬ್ಬರು ಕನ್ನಡಕ ಹಣೆಗೇರಿಸಿ, "ಮಾರ್ಚ್ ನಹೀಂ ಭಾಯಿ, ಜಂಗ್ ಹೈ" ಎನ್ನುವುದುಂಟು.

ಅವರು ತಮಾಷೆಗೆ ಆಡುವ ಮಾತು ನಿಜವೇ ಆಗಿದೆ. ಮಾರ್ಚಿ ಎಂಬುದು ರೋಮನ್ನರ ಯುದ್ಧದೇವತೆಯಾದ ಮಾರ್ಸನ ತಿಂಗಳು. ಚಳಿ ಕಳೆದು ಸೈನ್ಯ ದಂಡಯಾತ್ರೆಗೆ ಹೊರಡುತ್ತಿದ್ದ ಕಾಲವದು. ಬಹಳ ಹಿಂದೆ ಅವರ ವರ್ಷವೂ ಅಲ್ಲಿಂದಲೇ ಪ್ರಾರಂಭವಾಗುತ್ತಿತ್ತು. ನಂಬಿಕೆ ಬಾರದಿದ್ದರೆ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗಿನ ಹೆಸರುಗಳನ್ನು ನಮ್ಮ ಸಪ್ತ, ಅಷ್ಟ, ನವ, ದಶಗಳ ಪಕ್ಕದಲ್ಲಿಟ್ಟು ನೋಡಿ. ಏಳನೆಯ ತಿಂಗಳು ಈಗ ಒಂಬತ್ತನೆಯದಾಗಿ ಕುಳಿತಿದೆ. ಇಂಗ್ಲೆಂಡಿನಲ್ಲಿಯೂ 1752ಕ್ಕೆ ಮುಂಚೆ ಹೊಸ ವರ್ಷ ಮಾರ್ಚಿ 25ಕ್ಕೆ ಬರುತ್ತಿತ್ತು. ನಮ್ಮ ದೇಶದ ಲೆಕ್ಕದ ವರ್ಷ ಮಾರ್ಚಿಗೆ ಮುಗಿಯುವ ಕ್ರಮ 1867ರಿಂದ ಬಂದದ್ದು. ರಷ್ಯನರು ಈ ತಿಂಗಳನ್ನು ಮಾರ್ತ್ ಎನ್ನುತ್ತಾರೆ, ಈಜಿಪ್ಟಿನ ಅರಬರು ಮಾರಿಸ್ ಎನ್ನುತ್ತಾರೆ, ಆಫ್ರಿಕದ ಸ್ವಾಹಿಲಿಯವರು ಮಾಚಿ ಎನ್ನುತ್ತಾರೆ. ದೇವರನ್ನು ಮರೆತವರೂ ಹೆಸರನ್ನು ಬಿಡಲಿಲ್ಲ.

ಇದನ್ನೆಲ್ಲ ನಾನು ಪಾಂಡಿತ್ಯಕ್ಕಾಗಿ ಓದಿದವನಲ್ಲ. ಓದಲು ಕಾರಣವಾದದ್ದು ಬೇರೆ.

ಮೂರು ವರ್ಷದ ಹಿಂದೆ ಇಂಥದೇ ಒಂದು ಮಾರ್ಚಿಯ ಕೊನೆಯ ವಾರ. ರಾತ್ರಿ ಒಂಬತ್ತಕ್ಕೆ ಮೆಟ್ರೋ ಇಳಿದು ಆಲ್ಫಾದ ಕಡೆಗೆ ಹೆಜ್ಜೆ ಹಾಕುತ್ತಿದ್ದೆ. ಗ್ರೇಟರ್ ನೋಯ್ಡಾ ನೋಡದವರಿಗೆ ಒಂದು ಮಾತು: ಇಲ್ಲಿನ ಬಡಾವಣೆಗಳಿಗೆ ಆಲ್ಫಾ, ಬೀಟಾ, ಗಾಮಾ, ಡೆಲ್ಟಾ ಎಂದು ಗ್ರೀಕರ ಅಕ್ಷರಮಾಲೆಯನ್ನೇ ಇಟ್ಟಿದ್ದಾರೆ. ಪರೀ ಚೌಕದಲ್ಲಿ ರಿಕ್ಷಾದವನು "ಬೀಟಾ, ಗಾಮಾ" ಎಂದು ಕೂಗುವಾಗ ಅದು ಯಾವ ದೇಶದ ಮಾತೆಂಬ ಯೋಚನೆ ಅವನಿಗೂ ಇಲ್ಲ, ಹತ್ತುವವನಿಗೂ ಇಲ್ಲ. ಆ ಹೊತ್ತಿಗೆ ಊರಿನಿಂದ ತಂಗಿಯ ಫೋನು ಬಂತು.

"ಅಣ್ಣಾ, ಅವರು ಬೇಡ ಅಂದುಬಿಟ್ಟರಂತೆ."

ಹುಡುಗನ ಕಡೆಯವರು ಬಂದು ನೋಡಿ, ಉಪ್ಪಿಟ್ಟು ಕೇಸರಿಭಾತು ತಿಂದು, ಸಂತೋಷದಿಂದಲೇ ಹೋಗಿದ್ದರು. ಆಮೇಲೆ ಜಾತಕ ತೋರಿಸಿದರಂತೆ. ಹುಡುಗಿಗೆ ಕುಜದೋಷ. ಏಳನೆಯ ಮನೆಯಲ್ಲಿ ಕುಜ ಕುಳಿತಿದ್ದಾನೆ.

"ನಾನೇನು ತಪ್ಪು ಮಾಡಿದೆ ಅಣ್ಣ?" ಎಂದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಅಮ್ಮ ಕುಂಭವಿವಾಹ ಮಾಡಿಸೋಣ ಎನ್ನುತ್ತಿದ್ದಳಂತೆ. ಅಂದರೆ ಮೊದಲು ಮಡಕೆಗೆ ಮದುವೆ ಮಾಡಿ ದೋಷವನ್ನು ಅದಕ್ಕೆ ಕಳೆಯುವುದು. "ನಾನು ಮಡಕೆಯನ್ನು ಮದುವೆಯಾಗುವುದಿಲ್ಲ" ಎಂದು ಫೋನು ಇಟ್ಟಳು.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈ ಕುಜನ ವಿಚಾರಣೆ ಮಾಡಿಯೇಬಿಡೋಣ ಎಂದು ಹೊರಟೆ. ಗುಮಾಸ್ತೆಗೆ ತಿಳಿದ ದಾರಿ ಒಂದೇ, ಆಸಾಮಿಯ ಹಳೆಯ ಕಡತ ತೆಗೆದು ನೋಡುವುದು.

ಕಡತ ದೊಡ್ಡದಾಗಿಯೇ ಇತ್ತು. ಆಕಾಶದ ಈ ಕೆಂಪು ಚುಕ್ಕೆಯನ್ನು ಬ್ಯಾಬಿಲೋನಿನವರು ನೆರ್ಗಾಲನೆಂದರು. ಗ್ರೀಕರು ಏರೀಸನೆಂದರು. ರೋಮನ್ನರು ಮಾರ್ಸನೆಂದರು. ಮೂವರೂ ಕಾದಾಟದವರೇ. ಅವನ ವಾರ ಫ್ರೆಂಚರಿಗೆ ಮಾರ್ದಿ, ಇಟಲಿಯವರಿಗೆ ಮಾರ್ತೆದಿ, ಸ್ಪೇನಿನವರಿಗೆ ಮಾರ್ತೆಸ್. ಇಂಗ್ಲಿಷರು ತಮ್ಮದೇ ಯುದ್ಧದೇವತೆ ಟೀವನನ್ನು ಆ ಕುರ್ಚಿಯಲ್ಲಿ ಕೂರಿಸಿ ಟ್ಯೂಸ್‌ಡೇ ಎಂದರು. ತಮಿಳರು ಬಣ್ಣ ನೋಡಿ ಸೆವ್ವಾಯ್, ಎಂದರೆ ಕೆಂಪು, ಎಂದರು. ಸಂಸ್ಕೃತದಲ್ಲಿ ಅವನು ಕೆಂಡದಂಥ ಅಂಗಾರಕ, ಭೂಮಿಯ ಮಗನಾದ ಭೌಮ ಮತ್ತು ಕುಜ. ರೋಮನ್ನರ ಮಾರ್ಸನೂ ಬರೀ ಕತ್ತಿಯವನಲ್ಲ, ರೈತರು ಹೊಲ ಕಾಯೆಂದು ಬೇಡುತ್ತಿದ್ದ ದೇವರು. ಎಲ್ಲರಿಗಿಂತ ವಿಚಿತ್ರವೆಂದರೆ ನಾವು ಅವನನ್ನು ಮಂಗಳ ಎಂದದ್ದು. ಹಾವಿಗೆ ರಾತ್ರಿಯ ಹೊತ್ತು ಹುಳು ಎನ್ನುತ್ತೇವೆ, ಹೊರಡುವಾಗ ಹೋಗಿ ಬರುತ್ತೇನೆ ಎನ್ನುತ್ತೇವೆ. ಹೆದರಿದವನನ್ನು ಒಳ್ಳೆಯ ಹೆಸರಿನಿಂದ ಕರೆದು ಸಮಾಧಾನಪಡಿಸುವ ಜಾಣತನ ಇಲ್ಲಿಯೂ ಇರಬಹುದೆಂದು ನನ್ನ ಊಹೆ.

ಹೆದರಿಕೆಯೇನೂ ನಮ್ಮೊಬ್ಬರದಲ್ಲ. ಮಂಗಳವಾರ ಮದುವೆಯಾಗಬೇಡ, ಹಡಗು ಹತ್ತಬೇಡ ಎಂದು ಸ್ಪೇನಿನಲ್ಲಿ ಗಾದೆಯೇ ಇದೆ. ಇಲ್ಲಿಯ ನೆರೆಯವರು ಆ ದಿನವನ್ನು ಹನುಮಂತನಿಗೆ ಒಪ್ಪಿಸಿ, ಮಾಂಸ ಮುಟ್ಟದೆ, ಕ್ಷೌರ ಮಾಡಿಸದೆ ಇರುತ್ತಾರೆ. ಕುಜದೋಷಕ್ಕೆ ಅವರ ಮಾತು ಮಾಂಗಲಿಕ್. ಹೆಣ್ಣುಮಗುವಿಗೆ ಕೇಡಿನ ಚೀಟಿ ಅಂಟಿಸುವಾಗಲೂ ಮಂಗಳವೆಂಬ ಶಬ್ದವನ್ನೇ ಉಪಯೋಗಿಸುತ್ತೇವೆ!

ಊರಿನಲ್ಲಿ ಪಂಚಾಂಗ ನೋಡುವ ನಮ್ಮ ಸೋದರಮಾವನಿಗೆ ಫೋನು ಮಾಡಿದೆ.

"ಮಾವ, ಕುಜನಿಗೆ ಆರ ಎಂಬ ಹೆಸರೂ ಉಂಟೆ?"

"ಉಂಟಪ್ಪ, ವರಾಹಮಿಹಿರನ ಬೃಹಜ್ಜಾತಕದಲ್ಲೇ ಇದೆ. ಏಕೆ?"

"ಅದು ಗ್ರೀಕರ ಏರೀಸ್ ಅಂತೆ ಮಾವ. ಸಾವಿರದ ಐನೂರು ವರ್ಷದ ಹಿಂದೆಯೇ ಬಂದು ಸೇರಿಕೊಂಡದ್ದು. ಊರು ಕಾಣದ ಆ ಪರದೇಶಿ ನಮ್ಮ ಹುಡುಗಿಯ ಮದುವೆ ಕೆಡಿಸುವುದೆ?"

ಮಾವ ಸಿಟ್ಟಾಗಲಿಲ್ಲ. "ಯವನರಲ್ಲಿ ಈ ಶಾಸ್ತ್ರ ಚೆನ್ನಾಗಿ ನೆಲೆಸಿದೆ, ಅವರೂ ಋಷಿಗಳಂತೆ ಪೂಜ್ಯರು ಎಂಬ ಮಾತು ವರಾಹಮಿಹಿರನ ಸಂಹಿತೆಯಲ್ಲೇ ಇದೆ ಕಣೋ. ಪರದೇಶದ್ದು ಅನ್ನುವ ಕಾರಣಕ್ಕೆ ಸುಳ್ಳಾಗುವುದಿಲ್ಲ" ಎಂದರು. ಮಾತು ಸರಿಯಾಗಿಯೇ ಇತ್ತು. ದಿನವೂ ಆಲ್ಫಾದಲ್ಲಿ ಮಲಗೇಳುವ ನಾನು ಅದಕ್ಕೇನು ಉತ್ತರ ಹೇಳಲಿ?

ಆಗ ಲೆಕ್ಕಕ್ಕೆ ಇಳಿದೆ. "ಯಾವ ಯಾವ ಮನೆಯಲ್ಲಿ ಕುಜನಿದ್ದರೆ ದೋಷ ಮಾವ?"

"ಎರಡು, ನಾಲ್ಕು, ಏಳು, ಎಂಟು, ಹನ್ನೆರಡು. ಕೆಲವರು ಒಂದನ್ನೂ ಸೇರಿಸುತ್ತಾರೆ."

"ಹನ್ನೆರಡರಲ್ಲಿ ಆರು. ಎಂದರೆ ಹುಟ್ಟಿದವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ದೋಷ. ಅಷ್ಟು ಜನರ ಸಂಸಾರ ಕೆಟ್ಟಿದೆಯೆ?"

ಮಾವ ಕೊಂಚ ಹೊತ್ತು ಸುಮ್ಮನಿದ್ದು, "ಅದಕ್ಕೇ ಪರಿಹಾರ, ಅಪವಾದ ಎಲ್ಲ ಇಟ್ಟಿದ್ದಾರೆ" ಎಂದರು. ಆಮೇಲೆ ಮೆಲ್ಲಗೆ, "ನಿಮ್ಮತ್ತೆಗೂ ಇತ್ತು. ನಾನು ಹೇಳಿರಲಿಲ್ಲ, ಅಷ್ಟೆ" ಎಂದು ಸೇರಿಸಿದರು. ಅವರ ದಾಂಪತ್ಯಕ್ಕೆ ಆಗ ನಲವತ್ತು ವರ್ಷ ದಾಟಿತ್ತು.

ನಾನು ಗೆದ್ದೆನೆಂದು ಹಿಗ್ಗಬೇಕಾದ ಕ್ಷಣ. ಆದರೆ ಹಿಗ್ಗಲಾಗಲಿಲ್ಲ. ಏಕೆಂದರೆ ಅದೇ ಕ್ಷಣ ನನಗೆ ಇನ್ನೊಂದು ಜಾತಕದ ನೆನಪಾಯಿತು. ನನಗೆ ಹೆಣ್ಣು ನೋಡುತ್ತಿದ್ದ ಕಾಲದಲ್ಲಿ ಪಕ್ಕದ ತಾಲ್ಲೂಕಿನಿಂದ ಒಂದು ಸಂಬಂಧ ಬಂದಿತ್ತು. ನಾವೂ ಹೋಗಿ ತಿಂಡಿ ತಿಂದು ಬಂದಿದ್ದೆವು. ಎರಡು ದಿನದ ಮೇಲೆ ಅಪ್ಪ, "ಕುಜದೋಷವಂತೆ, ಬೇಡ ಎಂದು ಬರೆದುಬಿಟ್ಟೆ" ಎಂದರು. ನಾನು ಪತ್ರಿಕೆಯಿಂದ ತಲೆಯೆತ್ತದೆ "ಹ್ಞೂಂ" ಎಂದೆ. ಆ ಹುಡುಗಿಗೂ ಒಬ್ಬ ಅಣ್ಣನಿದ್ದಿರಬಹುದು. ಆಕೆಯೂ ಅವನನ್ನು, ನಾನೇನು ತಪ್ಪು ಮಾಡಿದೆ ಎಂದು ಕೇಳಿರಬಹುದು. ಅಂದು ನಾನು ಒಂದು ಲೆಕ್ಕವನ್ನೂ ಹಾಕಲಿಲ್ಲ, ಒಂದು ಪುಸ್ತಕವನ್ನೂ ತೆರೆಯಲಿಲ್ಲ. ಮುಳ್ಳು ನಮ್ಮ ಮನೆಯ ಕಾಲಿಗೆ ಚುಚ್ಚಿದಾಗ ಮಾತ್ರ ಗ್ರೀಸು ರೋಮುಗಳವರೆಗೆ ಓಡಿದೆ.

ಇದನ್ನು ತಂಗಿಗೆ ಹೇಳಿದೆ. ಆಕೆ ಬಹಳ ಹೊತ್ತು ಮಾತನಾಡಲಿಲ್ಲ. "ಈಗಲಾದರೂ ಹೇಳಿದೆಯಲ್ಲ" ಎಂದಳು. ಹೊಗಳಿಕೆಯೋ ಬೈಗುಳವೋ ತಿಳಿಯದು.

ನಮ್ಮ ದೇಶದ ಮಂಗಳಯಾನವನ್ನು 2013ರ ನವೆಂಬರ್ 5ರಂದು ಶ್ರೀಹರಿಕೋಟೆಯಿಂದ ಹಾರಿಬಿಟ್ಟರು. ಅದು ಮಂಗಳವಾರ. ಸ್ಪೇನಿನ ಗಾದೆಯಂತೆ ಹಡಗು ಹತ್ತಬಾರದ ದಿನ. 2014ರ ಸೆಪ್ಟೆಂಬರ್ 24ರಂದು ಬೆಂಗಳೂರಿನಲ್ಲಿ ಕುಳಿತವರು ಅದನ್ನು ಮಂಗಳನ ಸುತ್ತ ಸೇರಿಸಿದರು. ಆರು ತಿಂಗಳು ಬಾಳಲೆಂದು ಮಾಡಿದ ನೌಕೆ ಏಳು ವರ್ಷ ದಾಟಿ ಬಾಳಿ 2022ರಲ್ಲಿ ಮೌನವಾಯಿತು. ದಿನ ನೋಡದೆ ಹೊರಟ ಸಂಬಂಧವೂ ಚೆನ್ನಾಗಿಯೇ ನಡೆಯಿತು.

ತಂಗಿಯ ಮದುವೆ ಕಳೆದ ವರ್ಷ ವೈಶಾಖದಲ್ಲಾಯಿತು. ಹುಡುಗನ ಮನೆಯವರು ಜಾತಕ ಕೇಳಲಿಲ್ಲ, ನಾವೂ ಕೊಡಲಿಲ್ಲ, ಮಡಕೆಯೂ ಬರಲಿಲ್ಲ. ಶ್ರಾವಣದಲ್ಲಿ ಅವಳು ಮಂಗಳಗೌರಿ ವ್ರತ ಹಿಡಿದಳು. ಯಾವ ಗ್ರಹ ಮುತ್ತೈದೆತನಕ್ಕೆ ಕೇಡೆಂದು ಹೆದರಿಸಿದ್ದರೋ ಅವನ ವಾರದಲ್ಲೇ ಮುತ್ತೈದೆತನ ಬೇಡುವ ಹಬ್ಬ! ತಂಬಿಟ್ಟಿನ ದೀಪ ಹಚ್ಚಿ, ಫೋನಿನಲ್ಲಿ ನನಗೆ ಆರತಿ ತೋರಿಸಿದಳು. ಅವಳ ಮುಖದಲ್ಲಿ ಅಂದು ಕಂಡದ್ದಕ್ಕೆ ಮಂಗಳ ಎಂಬ ಹೆಸರೇ ಸರಿ.

ಪಕ್ಕದ ತಾಲ್ಲೂಕಿನ ಆ ಮನೆಯವರ ವಿಳಾಸ ನಮ್ಮಲ್ಲಿ ಉಳಿದಿಲ್ಲ. ಉಳಿದಿದ್ದರೂ ಏನೆಂದು ಬರೆಯಲಿ? ಮನೆಯಲ್ಲಿ ಮದುವೆಗೆ ಬಂದ ಮಕ್ಕಳಿರುವ ವಾಚಕರು ಇದನ್ನು ಓದಿ, ಜಾತಕ ಹಿಂದಿರುಗಿಸುವ ಮುನ್ನ ಪತ್ರಿಕೆಯಿಂದ ಒಮ್ಮೆ ತಲೆಯೆತ್ತಿದರೆ, ಆ ಕಾಗದ ತಲುಪಬೇಕಾದಲ್ಲಿಗೆ ತಲುಪಿತೆಂದು ತಿಳಿಯುತ್ತೇನೆ.