ನಮ್ಮ ಮೋರಿ ಯಾವ ಕಡಲಿಗೆ?

ಬಸವೇಶ್ವರನಗರದ ನಮ್ಮ ರಸ್ತೆಯ ಮಕ್ಕಳಿಗೆ ಸಿಡ್ನಿಯ ಒಂದು ವಿಳಾಸ ಬಾಯಿಪಾಠವಾಗಿದೆ: ಪಿ. ಶೆರ್ಮನ್, 42, ವಾಲಬಿ ವೇ, ಸಿಡ್ನಿ. ಸ್ವಂತ ಮನೆಯ ಪಿನ್ ಕೋಡ್ ಕೇಳಿದರೆ ಅಮ್ಮನ ಮುಖ ನೋಡುವವರು ಇದನ್ನು ಮಾತ್ರ ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಆ ವಿಳಾಸ ಬರುವ 'ಫೈಂಡಿಂಗ್ ನೀಮೊ', ದಂತವೈದ್ಯರೊಬ್ಬರ ತೊಟ್ಟಿ ಸೇರಿದ ನೀಮೊ ಎಂಬ ಮರಿ ಕ್ಲೌನ್ ಮೀನನ್ನು ಅಪ್ಪ ಹುಡುಕಿಕೊಂಡು ಹೋಗುವ ಚಿತ್ರ, ತೆರೆಗೆ ಬಂದದ್ದು 2003ರಲ್ಲಿ. ವಿಜಯನಗರದ ಸಿಡಿ ಲೈಬ್ರರಿಗಳಲ್ಲಿ ಬಾಡಿಗೆಗೆ ತಂದು ಅದನ್ನು ನೋಡಿದ ಹುಡುಗರು ಈಗ ಅಪ್ಪಂದಿರಾಗಿದ್ದಾರೆ. ಅವರ ಮಕ್ಕಳಿಗೂ ಅದೇ ವಿಳಾಸ, ಅದೇ ರಾಗ. ಎರಡು ತಲೆಮಾರು ಒಂದೇ ಚಿತ್ರವನ್ನು ಇಷ್ಟು ಮನಸಾರೆ ನೆನಪಿಟ್ಟುಕೊಳ್ಳುವುದು ನನಗಂತೂ ಸಂತೋಷದ ಸಂಗತಿ.

ಗಣೇಶೋತ್ಸವ ಬಂದಾಗ, ರಾಜ್ಯೋತ್ಸವ ಬಂದಾಗ ನಮ್ಮ ಕಡೆ ಮಕ್ಕಳ ಸ್ಪರ್ಧೆಗಳು ಇದ್ದೇ ಇರುತ್ತವೆ. ಚಿತ್ರ ಬರೆಯುವುದು, ಕುರ್ಚಿ ಆಟ, ನಿಂಬೆಹಣ್ಣು ಚಮಚ, ಕೊನೆಗೆ ರಸಪ್ರಶ್ನೆ. ಪ್ರಶ್ನೆ ಬರೆದುಕೊಡುವ ಕೆಲಸ ನನ್ನದು. ಕನ್ನಡ ನಾಡು, ನುಡಿ, ಕ್ರಿಕೆಟ್ಟು ಎಲ್ಲ ಮುಗಿದ ಮೇಲೆ ಒಂದು ಸುತ್ತು ಮಕ್ಕಳೇ ಆರಿಸಿದ ವಿಷಯಕ್ಕೆ ಮೀಸಲು, ಅವರು ನೀಮೊನನ್ನು ಬಿಡುವುದಿಲ್ಲ. ನೀಮೊನ ಯಾವ ರೆಕ್ಕೆ ಚಿಕ್ಕದು? ಬಲಗಡೆಯದು. ದಂತವೈದ್ಯರ ಸೋದರ ಸೊಸೆಯ ಹೆಸರೇನು? ಡಾರ್ಲಾ. ಕಡಲಾಮೆ ಕ್ರಷ್ ತನಗೆಷ್ಟು ವಯಸ್ಸು ಎನ್ನುತ್ತಾನೆ? 150. ಶಾರ್ಕಿಗೆ ಬ್ರೂಸ್ ಎಂದು ಯಾಕೆ ಹೆಸರಿಟ್ಟರು? 'ಜಾಸ್' ಚಿತ್ರಕ್ಕೆಂದು ಮಾಡಿಸಿದ ಯಂತ್ರದ ಶಾರ್ಕನ್ನು ಚಿತ್ರತಂಡದವರು ಹಾಗೆ ಕರೆಯುತ್ತಿದ್ದರು. ಇಂಥವಕ್ಕೆ ಪ್ರಶ್ನೆ ಮುಗಿಯುವ ಮೊದಲೇ ಕೈಗಳು ಮೇಲೇಳುತ್ತವೆ.

ನೆನಪಿನ ಪ್ರಶ್ನೆಗಳ ಬಗ್ಗೆ ನನಗೆ ತಾತ್ಸಾರವಿಲ್ಲ. ಬೆಂಗಳೂರು ಕ್ವಿಜ್ಜಿನ ಊರು. ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಹುಟ್ಟಿದ್ದು 1983ರಲ್ಲಿ, ಅಂದಿನಿಂದ ಇಂದಿನವರೆಗೆ ಭಾನುವಾರದ ನಿದ್ದೆ ಬಿಟ್ಟು ಪ್ರಶ್ನೆ ಕೇಳಿಸಿಕೊಳ್ಳಲು ಹೋಗುವವರ ಪರಂಪರೆಯೇ ಇಲ್ಲಿದೆ. ಚಂದನ ವಾಹಿನಿಯಲ್ಲಿ 2002ರಲ್ಲಿ ಶುರುವಾದ 'ಥಟ್ ಅಂತ ಹೇಳಿ' ಕಾರ್ಯಕ್ರಮದಲ್ಲಿ ಡಾ. ನಾ. ಸೋಮೇಶ್ವರ ಅವರು ಸರಿಯುತ್ತರಕ್ಕೆ ಪುಸ್ತಕ ಕೊಡುತ್ತ ಬಂದರು. ಎಷ್ಟೋ ಮನೆಗಳಲ್ಲಿ ರಾತ್ರಿ ಊಟದ ತಟ್ಟೆಯ ಮುಂದೆ ಅಜ್ಜಿ ಮೊಮ್ಮಗ ಇಬ್ಬರೂ ಒಟ್ಟಿಗೆ ಉತ್ತರ ಕೂಗಿದ್ದಾರೆ. ನಾನು ಅಲ್ಲಿ ಗಮನಿಸಿದ್ದು ಇಷ್ಟು: ಉತ್ತರ ಬಂದ ಮೇಲೆ ಸೋಮೇಶ್ವರರು ಒಂದೆರಡು ಮಾತು ವಿವರಿಸುತ್ತಾರಲ್ಲ, ನಿಜವಾದ ರುಚಿ ಅಲ್ಲಿದೆ. ಉತ್ತರದ ಬೆನ್ನಿಗೆ ಇನ್ನೊಂದು ಪ್ರಶ್ನೆ ಏಳಬೇಕು. ಡಾರ್ಲಾ ಎಂಬ ಉತ್ತರದ ಹಿಂದೆ ಏನೂ ಏಳುವುದಿಲ್ಲ.

ಹಾಗಾಗಿ ಈಚೆಗೆ ನಾನು ಪ್ರಶ್ನೆಗಳನ್ನು ಚಿತ್ರದ ಒಳಗಿನಿಂದ ಹೊರಕ್ಕೆ ಎಳೆಯುತ್ತೇನೆ. ಈ ಚಿತ್ರ ಅದಕ್ಕೆ ಹೇಳಿ ಮಾಡಿಸಿದಂತಿದೆ, ಯಾಕೆಂದರೆ ನಿರ್ದೇಶಕ ಆಂಡ್ರೂ ಸ್ಟಾಂಟನ್ ಮತ್ತು ಪಿಕ್ಸಾರ್ ತಂಡದವರು ಕಡಲಿನ ಪಾಠ ಹೇಳಿಸಿಕೊಂಡೇ ಕೆಲಸ ಮಾಡಿದರು. ಆಡಮ್ ಸಮ್ಮರ್ಸ್ ಎಂಬ ಜೀವವಿಜ್ಞಾನಿ ಅವರಿಗೆ ಮೀನು ಹೇಗೆ ಈಜುತ್ತದೆ, ಯಾವ ರೆಕ್ಕೆ ಯಾವಾಗ ಬಡಿಯುತ್ತದೆ ಎಂದು ಕಲಿಸಿದರು. ಕೆಲ್ಪ್ ಎಂಬ ಉದ್ದನೆಯ ಕಡಲಪಾಚಿ ತಣ್ಣೀರಿನದು, ಬೆಚ್ಚನೆಯ ಹವಳದ ದಿಬ್ಬಗಳಲ್ಲಿ ಬೆಳೆಯುವುದಿಲ್ಲ ಎಂದು ತಿಳಿದವರು ಹೇಳಿದಾಗ, ಅಲ್ಲಿ ಬಿಡಿಸಿಟ್ಟಿದ್ದ ಕೆಲ್ಪನ್ನು ತೆಗೆದುಹಾಕಿದರು. ಮಕ್ಕಳ ಚಿತ್ರಕ್ಕೆ ಇಷ್ಟು ಜಾಗ್ರತೆ ವಹಿಸಿದವರ ಬಗ್ಗೆ ನನಗೆ ಗೌರವವಿದೆ.

ಆದರೂ ಕಥೆಗಾರರು ಒಂದು ಕಡೆ ಜೀವವಿಜ್ಞಾನವನ್ನು ಬದಿಗಿಟ್ಟರು. ಕ್ಲೌನ್ ಮೀನುಗಳ ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು. ಎರಡನೆಯದು ಅದರ ಜೊತೆಯ ಗಂಡು. ಉಳಿದವೆಲ್ಲ ಇನ್ನೂ ಬಲಿಯದವು. ಹೆಣ್ಣು ಸತ್ತರೆ ಆ ಗಂಡೇ ಹೆಣ್ಣಾಗುತ್ತದೆ, ಬಲಿಯದವುಗಳಲ್ಲಿ ಮುಂದಿನದು ಗಂಡಾಗಿ ಜೊತೆಗೆ ಬರುತ್ತದೆ. ಚಿತ್ರದ ಆರಂಭದಲ್ಲಿ ಬರಾಕುಡಾ ಮೀನು ನೀಮೊನ ಅಮ್ಮ ಕೋರಲ್‌ಳನ್ನು ತಿಂದ ಮೇಲೆ ಅವನಪ್ಪ ಮಾರ್ಲಿನ್ ಅಪ್ಪನಾಗಿ ಉಳಿಯುತ್ತಿರಲಿಲ್ಲ. ಇದನ್ನು ಮಕ್ಕಳಿಗೆ ಹೇಳಬೇಕೇ ಬೇಡವೇ ಎಂದು ದೊಡ್ಡವರು ಅನುಮಾನಿಸುತ್ತಾರೆ. ಹೇಳಬೇಕು ಎಂಬುದು ನನ್ನ ಅಭಿಪ್ರಾಯ. ನಾನು ಹೇಳಿದಾಗ ಒಬ್ಬ ಹುಡುಗಿ, "ಹಾಗಾದ್ರೆ ಅಮ್ಮ ಆಗಿ ಹುಡುಕ್ಕೊಂಡು ಹೋಗ್ತಿದ್ದ, ಅಷ್ಟೇ ಅಲ್ವಾ ತಾತ" ಎಂದಳು. ಅದಕ್ಕಿಂತ ಒಳ್ಳೆಯ ಮಾತು ನನ್ನಲ್ಲಿರಲಿಲ್ಲ. ಅಪ್ಪನ ಅಕ್ಕರೆಯಂತೂ ಕಲ್ಪನೆಯಲ್ಲ. ಕ್ಲೌನ್ ಮೀನಿನಲ್ಲಿ ಮೊಟ್ಟೆ ಕಾಯುವುದು ಹೆಚ್ಚಾಗಿ ಗಂಡು. ರೆಕ್ಕೆಯಿಂದ ಗಾಳಿ ಬೀಸಿದ ಹಾಗೆ ನೀರು ಬೀಸಿ, ಬಾಯಿಂದ ಕಸ ತೆಗೆದು, ಮರಿ ಹೊರಬರುವವರೆಗೆ ಅಲ್ಲೇ ಇರುತ್ತದೆ.

ಚಿತ್ರ ನೋಡಿದ ಮಕ್ಕಳು ಅಕ್ವೇರಿಯಂ ಅಂಗಡಿಯ ಮುಂದೆ ನಿಂತು ನೀಮೊ ಬೇಕೆಂದು ಹಟ ಹಿಡಿಯುವುದು ನಮ್ಮ ಕಡೆಯೂ ಉಂಟು. ಪ್ಲಾಸ್ಟಿಕ್ ಚೀಲದಲ್ಲಿ ಸಿಗುವ ಗೋಲ್ಡ್ ಫಿಶ್, ಗಪ್ಪಿ, ಮೋಲಿ ಎಲ್ಲ ಸಿಹಿನೀರಿನವು. ಕ್ಲೌನ್ ಮೀನಿಗೆ ಉಪ್ಪುನೀರು ಬೇಕು, ಆ ಉಪ್ಪಿನ ಪ್ರಮಾಣ ದಿನವೂ ಒಂದೇ ಆಗಿರಬೇಕು. ತೊಟ್ಟಿಯಲ್ಲೇ ಹುಟ್ಟಿದ ಕ್ಲೌನ್ ಮೀನುಗಳು ಸಿಗುತ್ತವೆ, ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ನಮ್ಮ ದೇಶದಲ್ಲೇ ಅವುಗಳ ಮರಿ ಮಾಡಿಸುವ ವಿಧಾನ ರೂಪಿಸಿದೆ. ಚಿತ್ರದಲ್ಲಿ ಮಾರ್ಲಿನ್ ಜೊತೆಗೂಡಿ ನೀಮೊನನ್ನು ಹುಡುಕುವ ಡೋರಿಯ ಜಾತಿಯ ನೀಲಿ ಮೀನು ಹಾಗೆ ಒಗ್ಗಲಿಲ್ಲ. ಅದರ ಮರಿಗಳನ್ನು ತೊಟ್ಟಿಯಲ್ಲಿ ಬೆಳೆಸಲು ಫ್ಲಾರಿಡಾದ ವಿಜ್ಞಾನಿಗಳಿಗೆ ಸಾಧ್ಯವಾದದ್ದು 2016ರಲ್ಲಿ, 'ಫೈಂಡಿಂಗ್ ಡೋರಿ' ಬಂದ ವರ್ಷವೇ. ಆ ಚಿತ್ರ ನೋಡಿ ಜನ ಮೀನು ಕೊಳ್ಳಲು ಮುಗಿಬಿದ್ದರೇ ಎಂದು ಆಕ್ಸ್‌ಫರ್ಡಿನ ಸಂಶೋಧಕರು ಲೆಕ್ಕ ಹಾಕಿದರು. 2019ರಲ್ಲಿ ಬಂದ ಅವರ ಉತ್ತರ ಸಮಾಧಾನ ಕೊಡುವಂಥದ್ದು: ಜನ ಆ ಮೀನಿನ ಬಗ್ಗೆ ಹೆಚ್ಚು ಹುಡುಕಿ ಓದಿದರು, ಹೆಚ್ಚು ಕೊಳ್ಳಲಿಲ್ಲ. ಓದುವ ಆಸೆ ಹುಟ್ಟಿಸಿದ ಚಿತ್ರ ಎಂದರೆ ನನ್ನ ಮಟ್ಟಿಗೆ ಅದು ಪ್ರಶಸ್ತಿಗಿಂತ ದೊಡ್ಡದು. ಆಸ್ಕರ್ ಅಂತೂ ನೀಮೊಗೆ ಬಂದೇ ಇದೆ.

ಈಗ ನನಗೆ ಎಲ್ಲಕ್ಕಿಂತ ಪ್ರಿಯವಾದ ಪ್ರಶ್ನೆಗೆ ಬರುತ್ತೇನೆ. ದಂತವೈದ್ಯರ ತೊಟ್ಟಿಯಲ್ಲಿ ಗಿಲ್ ಎಂಬ ಹಿರಿಯ ಮೀನಿದೆ. ಎಲ್ಲ ಮೋರಿಗಳೂ ಕೊನೆಗೆ ಕಡಲಿಗೇ ಹೋಗುತ್ತವೆ ಎಂಬುದು ಅದರ ನಂಬಿಕೆ. ಆ ನಂಬಿಕೆಯ ಮೇಲೆಯೇ ನೀಮೊ ಬಾಯಿ ಮುಕ್ಕಳಿಸುವ ಬೇಸಿನ್ನಿನೊಳಗೆ ಜಾರಿ, ಕೊಳವೆಗಳಲ್ಲಿ ತಿರುಗಿ, ಕಡಲಿನ ತಳದ ಪೈಪಿನ ಬಾಯಿಂದ ಹೊರಬರುತ್ತಾನೆ. ಸಿಡ್ನಿ ಕಡಲ ದಂಡೆಯ ಊರು, ಅಲ್ಲಿ ಅದು ನಡೆದೀತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ಕೂತಿರುವ ನಮ್ಮ ರಾಜಾಜಿನಗರದ ಮೋರಿ ಯಾವ ಕಡಲಿಗೆ ಹೋಗುತ್ತದೆ?

ಮಕ್ಕಳೆಲ್ಲ ಒಕ್ಕೊರಲಿನಿಂದ "ಮಂಗಳೂರು" ಎಂದರು. ರಜೆಯಲ್ಲಿ ಅವರು ಕಂಡ ಕಡಲು ಅದೇ, ಪಣಂಬೂರೋ ಮಲ್ಪೆಯೋ. ಬೆಂಗಳೂರಿನೊಳಗೆ ಸೂರ್ಯ ಮುಳುಗುವ ದಿಕ್ಕಿಗೇ ನಾವಿರುವುದರಿಂದ ಊಹೆಗೆ ಅರ್ಥವೂ ಇದೆ. ಆದರೆ ನಡುವೆ ಪಶ್ಚಿಮ ಘಟ್ಟದ ಗೋಡೆ ನಿಂತಿದೆ. ತಲಕಾವೇರಿಯಲ್ಲಿ, ಅರಬ್ಬಿ ಸಮುದ್ರಕ್ಕೆ ಅಷ್ಟು ಹತ್ತಿರ ಹುಟ್ಟುವ ಕಾವೇರಿಯೇ ಬೆನ್ನು ತಿರುಗಿಸಿ ಪೂರ್ವಕ್ಕೆ ನಡೆಯುತ್ತಾಳೆ. ನಮ್ಮ ಮೋರಿ ಅವಳನ್ನೇ ಹಿಂಬಾಲಿಸುತ್ತದೆ.

ದಾರಿ ಹೀಗಿದೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಮಳೆನೀರು ರಾಜಕಾಲುವೆ ಸೇರಿ ವೃಷಭಾವತಿಯಾಗುತ್ತದೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂದು ಆ ಹೆಸರು. ಇನ್ನೊಂದು ಕವಲು ಮಲ್ಲೇಶ್ವರದ ಕಡೆಯಿಂದ ಬರುತ್ತದೆ. ಗಾಳಿ ಆಂಜನೇಯನ ಗುಡಿಯ ಹತ್ತಿರ ಹಾದು, ನಾಯಂಡಹಳ್ಳಿ ದಾಟಿ, ಮೈಸೂರು ರಸ್ತೆಯ ಪಕ್ಕಪಕ್ಕದಲ್ಲೇ ಕೆಂಗೇರಿಗೆ ನಡೆಯುತ್ತಾಳೆ. ನೇರಳೆ ಮೆಟ್ರೊದಲ್ಲಿ ಕೆಂಗೇರಿಗೆ ಹೋಗುವಾಗ ಮಕ್ಕಳನ್ನು ಕಿಟಕಿಯ ಹತ್ತಿರ ಕೂರಿಸಿ ನಾನು ತೋರಿಸುವುದುಂಟು. ಮೂಗು ಮುಚ್ಚಿಕೊಂಡು "ಇದು ನದೀನಾ?" ಎನ್ನುತ್ತಾರೆ. ಹೌದು ಮಗು, ನದಿ. ಹಿಂದೆ ಇಲ್ಲಿ ಜನ ಸ್ನಾನ ಮಾಡಿ ಗುಡಿಗೆ ಹೋಗುತ್ತಿದ್ದರು. ಈಗ ಮನೆ ಮನೆಯ ಕೊಳೆನೀರು, ಕಾರ್ಖಾನೆಗಳ ನೀರು ಸೇರಿ ಇವಳ ಮೈ ಕಪ್ಪಾಗಿದೆ. ಒಳಚರಂಡಿಯಿಂದ ಬಂದ ನೀರನ್ನು ಶುದ್ಧ ಮಾಡಲು ಕಣಿವೆಯಲ್ಲಿ ಜಲಮಂಡಳಿಯ ಘಟಕಗಳಿವೆ. ಅವುಗಳ ಕೈಗೆ ಸಿಗದೆ ನೇರ ನದಿಗೆ ಬೀಳುವ ನೀರೂ ಇದೆ. ಬಿಡದಿಯ ಬಳಿ ಬೈರಮಂಗಲ ಕೆರೆಯಲ್ಲಿ ಅದೆಲ್ಲ ನೊರೆಯಾಗಿ ಏಳುತ್ತದೆ. ಆ ನೊರೆಯ ದಡದಲ್ಲಿ ಬದುಕುವ ರೈತರು ನಮ್ಮ ಪಾತ್ರೆ ತೊಳೆದ ನೀರನ್ನು ಹೊಲಕ್ಕೆ ಬಿಟ್ಟುಕೊಳ್ಳುತ್ತಿದ್ದಾರೆ ಎಂಬುದು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ. ಮುಂದೆ ವೃಷಭಾವತಿ ಅರ್ಕಾವತಿಗೆ, ಅರ್ಕಾವತಿ ಕನಕಪುರ ದಾಟಿ ಸಂಗಮದಲ್ಲಿ ಕಾವೇರಿಗೆ. ಅಲ್ಲಿಂದ ಮೇಕೆದಾಟು, ಹೊಗೇನಕಲ್, ಮೆಟ್ಟೂರು ಅಣೆಕಟ್ಟು, ಶ್ರೀರಂಗಂ, ಕೊನೆಗೆ ಪೂಂಪುಹಾರಿನಲ್ಲಿ ಬಂಗಾಳ ಕೊಲ್ಲಿ. ಗಿಲ್ ಹೇಳಿದ್ದು ನಿಜ, ದಾರಿ ಮಾತ್ರ ಬಲು ದೂರ.

ಇಲ್ಲೊಂದು ಉಪಪ್ರಶ್ನೆಯಿದೆ, ದೊಡ್ಡವರನ್ನೂ ನಿಲ್ಲಿಸುವಂಥದ್ದು. ಇಂದಿರಾನಗರದ ಸೋದರಮಾವನ ಮನೆಯ ಬಚ್ಚಲಿನಿಂದ ಹೊರಟ ನೀಮೊ ಎಲ್ಲಿ ಕಡಲು ಸೇರುತ್ತಾನೆ? ಪೂಂಪುಹಾರಿನಲ್ಲಿ ಅಲ್ಲ. ಬೆಂಗಳೂರಿನ ಬೆನ್ನ ಮೇಲೆ ಉತ್ತರ ದಕ್ಷಿಣವಾಗಿ ಒಂದು ದಿಣ್ಣೆ ಹಾದುಹೋಗಿದೆ. ಅದರ ಪಶ್ಚಿಮಕ್ಕೆ ಬಿದ್ದ ಹನಿ ವೃಷಭಾವತಿಗೆ ಸೇರಿದರೆ ಪೂರ್ವಕ್ಕೆ ಬಿದ್ದದ್ದು ಕೆರೆಯಿಂದ ಕೆರೆಗೆ ಇಳಿದು ದಕ್ಷಿಣ ಪಿನಾಕಿನಿಗೆ, ಹೊಸೂರಿನ ಮೇಲೆ ಹಾದು ಕಡಲೂರಿನ ಬಳಿ ಸಮುದ್ರಕ್ಕೆ. ಒಂದೇ ಮಳೆ, ಒಂದೇ ಊರು, ಎರಡು ನದಿ. ಈ ಉತ್ತರ ಕೇಳಿದ ಮಕ್ಕಳು ಅಟ್ಲಾಸ್ ತೆರೆದು ನೆಲಕ್ಕೆ ಬಗ್ಗಿ ಬೆರಳಿನಿಂದ ಗೆರೆ ಎಳೆಯತೊಡಗಿದಾಗ ನನಗಾದ ಹಿಗ್ಗು ಹೇಳತೀರದು.

ಇನ್ನು ಮೀನಿನ ಗತಿ. ಕೊಳೆಯ ಮಾತು ಬಿಟ್ಟರೂ ನೀಮೊ ಈ ದಾರಿಯಲ್ಲಿ ಬದುಕುವುದಿಲ್ಲ. ಕಡಲ ಮೀನಿನ ಮೈಯೊಳಗಿನ ದ್ರವ ಸಮುದ್ರದ ನೀರಿಗಿಂತ ಕಡಿಮೆ ಉಪ್ಪಿನದು. ಅದರ ಮೈಯಿಂದ ನೀರು ಸದಾ ಹೊರಕ್ಕೆ ಸೋರುತ್ತದೆ, ಹಾಗಾಗಿ ಅದು ಸಮುದ್ರವನ್ನೇ ಕುಡಿದು ಹೆಚ್ಚಾದ ಉಪ್ಪನ್ನು ಕಿವಿರುಗಳಿಂದ ಹೊರಹಾಕುತ್ತದೆ. ಸಿಹಿನೀರಿಗೆ ಬಿದ್ದರೆ ಲೆಕ್ಕ ತಲೆಕೆಳಗಾಗಿ ನೀರು ಒಳಕ್ಕೆ ನುಗ್ಗುತ್ತದೆ.

ಇಷ್ಟು ಹೇಳಿದ ಮೇಲೆ ಮಕ್ಕಳ ಮುಖ ಬಾಡಿತು. ಆಗ ನಾನು ನಮ್ಮದೇ ದಾರಿಯ ಮೀನಿನ ಕಥೆ ತೆಗೆದೆ. ಕಾವೇರಿ ಮತ್ತು ಅವಳ ಉಪನದಿಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಒಂದು ಮೀನಿದೆ, ಡುಬ್ಬದ ಮಹಶೀರ್. ಮನುಷ್ಯನಷ್ಟು ತೂಗುವಷ್ಟು ಬೆಳೆಯುತ್ತದೆ. ಸಂಗಮ, ಭೀಮೇಶ್ವರಿಯ ಮಡುಗಳಲ್ಲಿ ಅದನ್ನು ಗಾಳಕ್ಕೆ ಹಿಡಿಯಲು ಹೊರದೇಶಗಳಿಂದ ಜನ ಬರುತ್ತಿದ್ದರು. ಹೀಗಿದ್ದೂ ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದು 2018ರಲ್ಲಿ, ಟಾರ್ ರೆಮಾದೇವಿ. ಅದೇ ವರ್ಷ ಅಳಿವಿನಂಚಿನ ತೀರಾ ಕೊನೆಯ ಮೆಟ್ಟಿಲಿನ ಪಟ್ಟಿಗೂ ಅದು ಸೇರಿತು. ಆಸ್ಟ್ರೇಲಿಯಾದ ಹವಳದ ಮೀನನ್ನು ಗುರುತು ಹಿಡಿಯುವ ನಮ್ಮ ಮಕ್ಕಳು ಇದನ್ನೂ ಗುರುತು ಹಿಡಿಯಬೇಕೆಂದು ನನ್ನ ಆಸೆ. ಅದಕ್ಕೊಂದು ಚಿತ್ರ ಯಾರಾದರೂ ಕನ್ನಡದಲ್ಲಿ ಮಾಡಬಾರದೇ? ಕಥೆ ಸಿದ್ಧವಾಗಿದೆ: ಅಣೆಕಟ್ಟುಗಳು, ಕೊಳೆನೀರು, ಮಡುವಿನಿಂದ ಮಡುವಿಗೆ ಹುಡುಕುತ್ತ ಹೋಗುವ ದೊಡ್ಡ ಮೀನು.

ಕೊನೆಯ ಪ್ರಶ್ನೆಯನ್ನು ನಾನಲ್ಲ, ಒಬ್ಬ ಹುಡುಗ ಕೇಳಿದ. "ತಾತ, ಮೋರಿಯಿಂದ ಹೋದ ನೀರೇ ಮತ್ತೆ ನಲ್ಲೀಲಿ ಬರುತ್ತಾ?" ಅವನಿಗೆ ಕಾವೇರಿ ನೀರು ಮನೆಗೆ ಬರುವುದು ಗೊತ್ತಿತ್ತು. ಶಿವನಸಮುದ್ರದ ಮೇಲ್ಗಡೆಯಿಂದ ಪಡೆದ ನೀರನ್ನು ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ, ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆ ಮತ್ತೆ ಪಂಪು ಮಾಡಿ, ಸುಮಾರು 100 ಕಿ.ಮೀ. ದೂರ, 500 ಮೀಟರಿನಷ್ಟು ಎತ್ತರಕ್ಕೆ ಏರಿಸಿ ತರುತ್ತಾರೆ. ಮೊದಲ ಹಂತ 1974ರಲ್ಲಿ, ಐದನೆಯದು 2024ರ ಅಕ್ಟೋಬರಿನಲ್ಲಿ, ಅದೊಂದರಿಂದಲೇ ದಿನಕ್ಕೆ 77.5 ಕೋಟಿ ಲೀಟರ್. ನಾವು ಬಳಸಿ ಬಿಟ್ಟದ್ದು ಸೇರುವ ಸಂಗಮ ಅದಕ್ಕಿಂತ ಕೆಳಗಿದೆ. ಹಾಗಾಗಿ ಆ ನೀರು ನಮ್ಮ ನಲ್ಲಿಗೆ ಬರುವುದಿಲ್ಲ, ಮೆಟ್ಟೂರಿಗೆ ಹೋಗುತ್ತದೆ. ಹುಡುಗ ಸ್ವಲ್ಪ ಯೋಚಿಸಿ, "ಅಂದ್ರೆ ಅಲ್ಲಿರೋರು ಕುಡೀತಾರಾ?" ಎಂದ. ಹೌದು, ನದಿಯ ಮಿಕ್ಕ ನೀರಿನೊಂದಿಗೆ ಬೆರೆತು, ಶುದ್ಧವಾಗಿ, ಅವರ ಪಾಲಿಗೂ ಬರುತ್ತದೆ ಎಂದೆ. ಅವನು ಬಹುಮಾನಕ್ಕೆ ಕಾಯದೆ ಇನ್ನೊಂದು ಕೇಳಿದ: ಕಡಲಿನಿಂದ ಮೀನು ಯಾವುದಾದರೂ ನದಿ ಹತ್ತಿ ಬರುತ್ತದೆಯೇ?

ಬರುತ್ತದೆ. ಹಾವುಮೀನು ಕಡಲಲ್ಲಿ ಹುಟ್ಟಿ, ಎಳೆಯದಿರುವಾಗಲೇ ನದಿ ಹಿಡಿದು ಮೇಲೇರಿ, ವರ್ಷಗಟ್ಟಲೆ ಸಿಹಿನೀರಲ್ಲಿ ಬೆಳೆದು, ಮೊಟ್ಟೆಯಿಡಲು ಮತ್ತೆ ಕಡಲಿಗೆ ಇಳಿಯುತ್ತದೆ. ಕಾವೇರಿಯಲ್ಲೂ ಅದರ ವಂಶವಿದೆ. 1934ರಲ್ಲಿ ಎದ್ದ ಮೆಟ್ಟೂರು ಅಣೆಕಟ್ಟು ಈಗ ಅದರ ದಾರಿಗೆ ಅಡ್ಡ ನಿಂತಿದೆ. ಈ ರಾಜ್ಯೋತ್ಸವಕ್ಕೆ ಮೊದಲ ಪ್ರಶ್ನೆ ಇದೇ ಎಂದು ಗೊತ್ತುಮಾಡಿದ್ದೇನೆ. ಬಹುಮಾನ ಕರ್ನಾಟಕದ ನದಿಗಳ ನಕ್ಷೆಯೊಂದು, ಜೊತೆಗೆ ಒಂದು ಪುಸ್ತಕ.