ಛತ್ರಿಯೋ, ವಾಯರೋ

ಮಹಾರಾಷ್ಟ್ರದ ದಕ್ಷಿಣ ಸೋಲಾಪುರ ತಾಲೂಕಿನ ನಮ್ಮೂರು ಭಂಡಾರಕವಠೆಯ ಮಾಳಿಗೆಗಳ ಮೇಲೆ, ತಗಡಿನ ಪತ್ರಾಗಳ ಮೇಲೆ ಕೂತಿರುವ ಟಿವಿ ಛತ್ರಿಗಳು ದಕ್ಷಿಣಕ್ಕೋ ಆಗ್ನೇಯಕ್ಕೋ ಮುಖ ಮಾಡಿವೆ. ಯಾವ ಕಂಪನಿಯ ಛತ್ರಿಯಾದರೂ ಇಷ್ಟೇ. ಟಿವಿ ಉಪಗ್ರಹಗಳು ಭೂಮಧ್ಯ ರೇಖೆಯ ನೇರಕ್ಕೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಜೊತೆಗೇ ತಿರುಗುತ್ತಿರುತ್ತವೆ. ಒಂದು ಕಂಪನಿಯದು 83 ಡಿಗ್ರಿ ಪೂರ್ವ ರೇಖಾಂಶದಲ್ಲಿದ್ದರೆ ದೂರದರ್ಶನದ್ದು 93.5ರಲ್ಲಿದೆ. ನಮ್ಮೂರು 76ರ ಆಸುಪಾಸು, ಅದಕ್ಕೇ ಛತ್ರಿಗಳ ಮುಖ ಆಗ್ನೇಯದ ಕಡೆಗೆ. ಊರಿನಿಂದ ಆ ದಿಕ್ಕಿಗೆ ನಡೆದರೆ ಮೊದಲು ಕಬ್ಬಿನ ಹೊಲ, ಆಮೇಲೆ ಭೀಮಾ ನದಿ, ನದಿ ದಾಟಿದರೆ ವಿಜಯಪುರ ಜಿಲ್ಲೆಯ ಇಂಡಿ ತಾಲೂಕು.

ಮನೆಗೆ ಟಿವಿ ತಂದವರೆಲ್ಲ ಮೊದಲು ಕೇಳುವುದು ಛತ್ರಿ ಹಾಕಿಸಬೇಕೋ, ಕೇಬಲ್ ವಾಯರ್ ಎಳೆಸಬೇಕೋ ಎಂದು. ಪುಣೆಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಆ ಪ್ರಶ್ನೆಗೆ ಉತ್ತರ ದುಡ್ಡಿನ ಲೆಕ್ಕದಲ್ಲಿ ಸಿಗುತ್ತದೆ. ದಕ್ಷಿಣ ಸೋಲಾಪುರದ, ಅಕ್ಕಲಕೋಟೆಯ ಹಳ್ಳಿಗಳಲ್ಲಿ ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಬರುತ್ತದೆ: ‘ಅದರಾಗ ಕನ್ನಡ ಬರತೈತೇನು?’ 1956ರಲ್ಲಿ ರಾಜ್ಯಗಳನ್ನು ಭಾಷೆಯ ಮೇಲೆ ವಿಂಗಡಿಸಿದಾಗ ಈ ಸೀಮೆ ಮುಂಬಯಿ ರಾಜ್ಯದಲ್ಲಿ ಉಳಿಯಿತು. ಗಡಿ ತಕರಾರಿನ ಮೇಲಿನ 1967ರ ಮಹಾಜನ ವರದಿ ಅಕ್ಕಲಕೋಟೆಯನ್ನೂ ದಕ್ಷಿಣ ಸೋಲಾಪುರದ ಹಲವು ಹಳ್ಳಿಗಳನ್ನೂ ಕರ್ನಾಟಕಕ್ಕೆ ಸೇರಿಸಬೇಕೆಂದಿತು. ವರದಿ ವರದಿಯಾಗಿಯೇ ಉಳಿಯಿತು. ಇಲ್ಲಿ ತಲಾಠಿಯ (ಗ್ರಾಮಲೆಕ್ಕಿಗನ) ಕಾಗದ ಮರಾಠಿ, ಸಂತೆಯ ಮಾತು ಎರಡೂ, ಒಲೆಯ ಮುಂದಿನ ಮಾತು ಕನ್ನಡ. ಟಿವಿ ಇರುವುದು ಒಲೆಯಿಂದ ನಾಲ್ಕು ಹೆಜ್ಜೆ ಆಚೆಗೆ. ಅದು ಯಾವ ಮಾತಾಡಬೇಕು ಅನ್ನುವುದು ನಮಗೆ ಸಣ್ಣ ವಿಷಯವಲ್ಲ.

ಆಕಾಶದಿಂದ ಇಳಿಯುವ ಕನ್ನಡ ಭೀಮೆಯ ಆಚೆ ದಂಡೆಗೆ ಬಹಳ ಮುಂಚೆಯೇ ಬಂದಿತ್ತು. 1975ರ ಆಗಸ್ಟ್ 1ರಿಂದ ಒಂದು ವರ್ಷ ಇಸ್ರೋ ಸಂಸ್ಥೆ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ‘ಸೈಟ್’ ಎಂಬ ಪ್ರಯೋಗ ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಸಾಮೂಹಿಕ ಟಿವಿ ಇಟ್ಟು, ಪಕ್ಕದಲ್ಲಿ ಹತ್ತು ಅಡಿ ಅಗಲದ ತಂತಿಬಲೆಯ ಛತ್ರಿ ನಿಲ್ಲಿಸಿದರು. ಕರ್ನಾಟಕದಲ್ಲಿ ಅದಕ್ಕೆ ಆರಿಸಿಕೊಂಡದ್ದು ವಿಜಾಪುರ (ಇಂದಿನ ವಿಜಯಪುರ), ಗುಲ್ಬರ್ಗಾ, ರಾಯಚೂರು ಜಿಲ್ಲೆಗಳನ್ನು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ರೈತರಿಗೆ ಕನ್ನಡದಲ್ಲೇ ಕಾರ್ಯಕ್ರಮ. ಬೆಂಗಳೂರಿನ ಮನೆಗಳಿಗೇ ಟಿವಿ ಇನ್ನೂ ಬಾರದ ಕಾಲ ಅದು. ಪ್ರಯೋಗ ಮುಗಿದ ಮೇಲೆ, 1977ರಲ್ಲಿ ಗುಲ್ಬರ್ಗಾದಲ್ಲಿ ಪ್ರಸಾರ ಕೇಂದ್ರವಾಯಿತು. ಮಹಾರಾಷ್ಟ್ರ ಆ ಆರು ರಾಜ್ಯಗಳಲ್ಲಿ ಇರಲಿಲ್ಲ. ಹೆಣ್ಣು ಕೊಟ್ಟು ತರುವ ಊರುಗಳ ನಡುವೆ ನದಿಯೊಂದೇ ಅಡ್ಡ. ಆದರೂ ಆಚೆ ಜಿಲ್ಲೆಯ ಹಳ್ಳಿಗಳಲ್ಲಿ ಪೆಟ್ಟಿಗೆ ಕನ್ನಡ ಮಾತಾಡುತ್ತಿದ್ದಾಗ ಈಚೆ ದಂಡೆಯವರು ಧಾರವಾಡ, ಗುಲ್ಬರ್ಗಾ ಆಕಾಶವಾಣಿಗೆ ರೇಡಿಯೊದ ಮುಳ್ಳು ತಿರುವುತ್ತ ಕೂತಿದ್ದರು.

ಮುಂದೆ ಈಚೆ ಕಡೆಗೂ ಟಿವಿ ಬಂತು, ಮೀನೆಲುಬಿನ ಆಂಟೆನಾ ಬಂತು. ಅದರಲ್ಲಿ ಸೋಲಾಪುರದ ಮರುಪ್ರಸಾರದಿಂದ ಸಿಗುತ್ತಿದ್ದದ್ದು ದಿಲ್ಲಿಯ ಹಿಂದಿ, ಮುಂಬಯಿಯ ಮರಾಠಿ. ತೊಂಬತ್ತರ ದಶಕದಲ್ಲಿ ಕೇಬಲ್ ಬಂದಾಗ ನಮ್ಮ ಜನ ಆಸೆಪಟ್ಟದ್ದು ಸಹಜ. 1994ರಲ್ಲಿ ಉದಯ ಟಿವಿ ಶುರುವಾಗಿತ್ತು, 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ಬಂತು. ಆದರೆ ನಮ್ಮ ಕಡೆಯ ಕೇಬಲ್ಲಿನಲ್ಲಿ ಅವು ಸಿಗುತ್ತಿರಲಿಲ್ಲ. ನದಿಯಾಚೆಗೆ ಬೀಗರ ಮನೆಗೆ ಹೋದಾಗ ನೋಡಿದ ಧಾರಾವಾಹಿಯ ಮುಂದಿನ ಕಂತು ಏನಾಯಿತೆಂದು ತಿಳಿಯಲು ಇನ್ನೊಂದು ಮದುವೆಯೋ ಜಾತ್ರೆಯೋ ಬರಬೇಕಾಗಿತ್ತು.

ಕೇಬಲ್ಲನ್ನು ಉಪಗ್ರಹದ ಎದುರಾಳಿ ಎಂಬಂತೆ ಮಾತಾಡುವವರು ಒಂದು ಸಂಗತಿ ಮರೆಯುತ್ತಾರೆ. ಕೇಬಲ್ಲಿನ ಮೂಲವೂ ಉಪಗ್ರಹವೇ. ಆಪರೇಟರನ ಮಾಳಿಗೆ ಮೇಲೆ ದೊಡ್ಡ ದೊಡ್ಡ ಛತ್ರಿಗಳಿರುತ್ತವೆ; ಅವು ಹಿಡಿದದ್ದನ್ನು ಆತ ಆರಿಸಿ, ಜೋಡಿಸಿ, ಕಂಬದಿಂದ ಕಂಬಕ್ಕೆ ವಾಯರ್ ಎಳೆದು ಮನೆಮನೆಗೆ ಮುಟ್ಟಿಸುತ್ತಾನೆ. ಊರಿಗೆಲ್ಲ ಸೇರಿ ಒಂದು ಛತ್ರಿ, ನಡುವೆ ಆರಿಸುವವನು ಒಬ್ಬ. ಹಳೆಯ ವಾಯರಿನಲ್ಲಿ ಹಿಡಿಸುತ್ತಿದ್ದ ಚಾನೆಲ್ಲುಗಳಿಗೂ ಮಿತಿ ಇತ್ತು. ಒಂದನ್ನು ಸೇರಿಸಬೇಕೆಂದರೆ ಇನ್ನೊಂದನ್ನು ತೆಗೆಯಬೇಕು. ಪೇಟೆಯಲ್ಲಿ ಮರಾಠಿ, ಹಿಂದಿ, ತೆಲುಗು ಕೇಳುವವರು ಹೆಚ್ಚು, ಹಳ್ಳಿಯಲ್ಲಿ ಕನ್ನಡ ಕೇಳುವವರು ಚದುರಿದವರು. ನಾವು ಕೆಲವರು ಸೇರಿ ಕೇಳಿಕೊಂಡಾಗ ನಮ್ಮ ಕಡೆಯ ಕೇಬಲ್ದವ ಒಂದು ಕನ್ನಡ ಚಾನೆಲ್ ಹಾಕಿದ್ದ. ಕ್ರಿಕೆಟ್ ಪಂದ್ಯಗಳ ಸಮಯಕ್ಕೆ ಅದನ್ನು ತೆಗೆದ, ಮತ್ತೆ ಹಾಕಲಿಲ್ಲ. ಆತನ ವ್ಯಾಪಾರದ ಲೆಕ್ಕ ಆತನಿಗೆ ಸರಿ. ಆದರೆ ನನ್ನ ಮನೆಯಲ್ಲಿ ಯಾವ ಭಾಷೆ ಕೇಳಬೇಕೆಂಬುದನ್ನು ಬೇರೆಯವರ ಲೆಕ್ಕ ತೀರ್ಮಾನಿಸುವುದು ನನಗೆ ಅಂದೂ ಒಪ್ಪಿಗೆಯಾಗಿರಲಿಲ್ಲ, ಇಂದೂ ಇಲ್ಲ.

ಹಾಗೆಂದು ಕೇಬಲ್ಲಿನ ಋಣ ಮರೆಯುವಂತಿಲ್ಲ. ಸಂಕ್ರಾಂತಿಗೆ ಸೋಲಾಪುರದ ಸಿದ್ಧೇಶ್ವರ ಜಾತ್ರೆ, ಎಲ್ಲರ ಬಾಯಲ್ಲಿ ಗಡ್ಡಾ ಜಾತ್ರೆ. ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲಿ ವಚನ ಬರೆದ ಸೊನ್ನಲಿಗೆಯ ಸಿದ್ಧರಾಮನ ಊರು ಅದು. ನಂದಿಕೋಲುಗಳು ಅರವತ್ತೆಂಟು ಲಿಂಗಗಳ ಪ್ರದಕ್ಷಿಣೆಗೆ ಹೊರಡುವುದನ್ನು, ಅಕ್ಷತೆಯ ಹೊತ್ತಿಗೆ ಕೆರೆಯ ದಂಡೆಯಲ್ಲಿ ಜನ ನೆರೆಯುವುದನ್ನು ಮನೆಯಲ್ಲೇ ಕೂತು ನೋಡುವ ಭಾಗ್ಯ ಕೊಟ್ಟದ್ದು ಪೇಟೆಯ ಕೇಬಲ್ಲಿನ ಸ್ಥಳೀಯ ವಾಹಿನಿಗಳು. ನಡೆಯಲಾರದ ಮುದುಕರು ಟಿವಿಯ ಮುಂದೆ ಕೂತು ಕೈಮುಗಿದದ್ದನ್ನು ನಾನು ಕಂಡಿದ್ದೇನೆ. ಇಡೀ ದೇಶಕ್ಕೆ ಒಂದೇ ಸಮ ಬರುವ ಪ್ರಸಾರವನ್ನು ಹಿಡಿಯುವ ಛತ್ರಿಯಿಂದ ಅಂಥ ಊರಿನ ಸುದ್ದಿ ಸಿಗದು. ಇನ್ನು ಕೇಬಲ್ದವ ಪರಿಚಿತ. ಕಬ್ಬಿನ ಬಿಲ್ಲು ಬರುವವರೆಗೆ ತಡೆಯುತ್ತಾನೆ. ಛತ್ರಿಯ ರಿಚಾರ್ಜ್ ಮುಗಿದ ರಾತ್ರಿಯೇ ಪರದೆ ಕಪ್ಪಾಗುತ್ತದೆ, ಅದಕ್ಕೆ ಉದ್ರಿ ಗೊತ್ತಿಲ್ಲ.

ಮನೆಮನೆಗೆ ಛತ್ರಿ ಬಂದದ್ದು 2003ರ ನಂತರ. ಆ ವರ್ಷ ಡಿಶ್ ಟಿವಿ, 2004ರ ಡಿಸೆಂಬರಿನಲ್ಲಿ ದೂರದರ್ಶನದ ಡಿಡಿ ಡೈರೆಕ್ಟ್, 2006ರಲ್ಲಿ ಟಾಟಾ ಸ್ಕೈ, ಅದರ ಹಿಂದೆಯೇ ಸನ್ ಡೈರೆಕ್ಟ್, ಏರ್‌ಟೆಲ್. ನಮ್ಮ ಅತ್ತಿಯ ಮನೆಗೆ ಛತ್ರಿ ಕೂಡಿಸಲು ಸೋಲಾಪುರದಿಂದ ಬಂದಿದ್ದ ಹುಡುಗನ ಕೆಲಸವನ್ನು ನಾನು ಪೂರ್ತಿ ನೋಡಿದೆ. ಮಾಳಿಗೆಯ ಮೂಲೆಯಲ್ಲಿ ಡ್ರಿಲ್ ಹೊಡೆದು ಬೋಲ್ಟು ಬಿಗಿದ. ತಟ್ಟೆಯ ಮುಂದಿನ ತೋಳಿಗೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಸಿಕ್ಕಿಸಿದ. ಪಾನಾ ಹಿಡಿದು ನಟ್ಟು ಸಡಿಲಿಸಿ ತಟ್ಟೆಯನ್ನು ಕೂದಲೆಳೆಯಷ್ಟು ಎಡಕ್ಕೆ, ಕೂದಲೆಳೆಯಷ್ಟು ಮೇಲಕ್ಕೆ ಸರಿಸುತ್ತ ಹೋದ. ಕೆಳಗೆ ಮೊಮ್ಮಗಳು ಪರದೆಯ ಮೇಲಿನ ಸಿಗ್ನಲ್ ಪಟ್ಟಿ ನೋಡಿ ‘ಬಂತು, ಹೋತು, ಬಂತು’ ಎಂದು ಕೂಗುತ್ತಿದ್ದಳು. ಪಟ್ಟಿ ನಿಂತ ಮೇಲೆ ಹುಡುಗ ಕೆಳಗಿಳಿದು, ‘ಆಯಿ, ಮಹಾರಾಷ್ಟ್ರದ ಪ್ಯಾಕ್ ಹಾಕತೀನ್ರಿ’ ಅಂದ.

‘ಮರಾಠಿ ಇರ್ಲಿ ತಮ್ಮಾ, ಮಕ್ಕಳು ನೋಡತಾವ. ನನಗ ಕನ್ನಡ ಬೇಕ ನೋಡು.’

‘ಇಲ್ಲಿ ಎಲ್ಲಾರೂ ಇದನ್ನ ತಗೊಂತಾರ್ರಿ.’

‘ಎಲ್ಲಾರಿಗೂ ಕೇಳೀಯೇನು?’

ಹುಡುಗ ಫೋನು ಮಾಡಿ ಕನ್ನಡವನ್ನೂ ಹಾಕಿಸಿದ. ಅತ್ತಿಯ ಆ ಒಂದು ಪ್ರಶ್ನೆಯಲ್ಲಿ ನಮ್ಮ ಸೀಮೆಯ ಅರ್ಧ ಕತೆ ಇದೆ. ಉಪಗ್ರಹದ ಅಲೆಗಳಿಗೆ ರಾಜ್ಯದ ಗಡಿ ಇಲ್ಲ. ಬೆಂಗಳೂರಿನ ಮಾಳಿಗೆಗೆ ಬೀಳುವ ಸಿಗ್ನಲ್ಲೇ ಭಂಡಾರಕವಠೆಯ ಮಾಳಿಗೆಗೂ ಬೀಳುತ್ತದೆ. ಗಡಿ ಇರುವುದು ಕಂಪನಿಯ ಪ್ಯಾಕಿನ ಹೆಸರಿನಲ್ಲಿ. ಪಿನ್‌ಕೋಡ್ ನೋಡಿ ಪ್ಯಾಕ್ ಕೊಡುವವರಿಗೆ ಬಾಯಿಬಿಟ್ಟು ಹೇಳದಿದ್ದರೆ ನಾವು ಕನ್ನಡದವರೆಂದು ತಿಳಿಯುವ ದಾರಿಯಿಲ್ಲ.

ಬಾಳಿಕೆಯ ಮಾತಿಗೆ ಬಂದರೂ ನಮ್ಮ ಹಳ್ಳಿಗಳಿಗೆ ಛತ್ರಿಯೇ ಹೊಂದುತ್ತದೆ. ಸುಗ್ಗಿಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರ್ ಟ್ರಾಲಿಗಳು ಓಣಿಯಲ್ಲಿ ಹಾದರೆ ಜೋತುಬಿದ್ದ ಕೇಬಲ್ ವಾಯರ್ ಕಬ್ಬಿನ ತುದಿಗೆ ಸಿಕ್ಕಿ ಹರಿಯುತ್ತದೆ. ಒಂದು ಕಡೆ ಹರಿದರೆ ಅಲ್ಲಿಂದ ಮುಂದಿನ ಮನೆಗಳೆಲ್ಲ ಕತ್ತಲು. ವಾಯರ್ ಉದ್ದವಾದಂತೆ ಸಿಗ್ನಲ್ ಸೊರಗುವುದರಿಂದ ನಡುನಡುವೆ ಆಂಪ್ಲಿಫೈಯರ್ ಕೂಡಿಸಿರುತ್ತಾರೆ. ಅವಕ್ಕೂ ಕರೆಂಟು ಬೇಕು. ನಮ್ಮ ಮನೆಯಲ್ಲಿ ಕರೆಂಟಿದ್ದು ಆ ಕಂಬದ ಓಣಿಯಲ್ಲಿ ಇಲ್ಲದಿದ್ದರೆ ಟಿವಿ ಬರದು. ಭಾರನಿಯಮನದ (ಲೋಡ್ ಶೆಡ್ಡಿಂಗಿನ) ವರ್ಷಗಳಲ್ಲಿ ಇದನ್ನು ಉಂಡವರಿಗೇ ಗೊತ್ತು. ಛತ್ರಿಗಾದರೆ ನಮ್ಮ ಮನೆಯ ಕರೆಂಟು ಸಾಕು, ಇನ್ವರ್ಟರ್ ಇದ್ದರೂ ಸಾಕು. ಮಳೆಗೆ ಛತ್ರಿ ನಿಲ್ಲುವುದಿಲ್ಲ ಎಂಬ ದೂರು ನಿಜವೇ. ಈ ಸಣ್ಣ ಛತ್ರಿಗಳು ಹಿಡಿಯುವ ಕೆಯು ಬ್ಯಾಂಡಿನ ಅಲೆಗಳನ್ನು ದಪ್ಪ ಮಳೆ ಹೀರಿಕೊಳ್ಳುತ್ತದೆ. ಮಲೆನಾಡಿನಲ್ಲಿ ಅದು ದೊಡ್ಡ ತೊಂದರೆಯಾದೀತು. ವರ್ಷಕ್ಕೆ ಆರುನೂರು ಮಿಲಿಮೀಟರ್ ಮಳೆ ಕಂಡರೆ ಪುಣ್ಯ ಎನ್ನುವ ಈ ಬರದ ಸೀಮೆಯಲ್ಲಿ, ಮಳೆ ಬಂದು ಟಿವಿ ನಿಂತರೆ ಯಾರೂ ಬೇಸರಪಡುವುದಿಲ್ಲ.

ದುಡ್ಡಿನ ವ್ಯತ್ಯಾಸ ಈಗ ಅಷ್ಟಿಲ್ಲ. ಸೋಲಾಪುರ ಪಟ್ಟಣದ ಕೇಬಲ್ 2013ರಲ್ಲಿ ಡಿಜಿಟಲ್ ಆಗಬೇಕಾಯಿತು, ಹಳ್ಳಿಗಳಿಗೆ ಕೊನೆಯ ಗಡುವು 2017ರ ಮಾರ್ಚ್. ವಾಯರಿನವರಿಗೂ ಸೆಟ್‌ಟಾಪ್ ಬಾಕ್ಸ್ ಬಂತು. 2019ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ಎರಡಕ್ಕೂ ಒಂದೇ ಲೆಕ್ಕವಾಯಿತು: ನೂರು ಚಾನೆಲ್ಲಿನ ಸಂಪರ್ಕಕ್ಕೆ ಹೆಚ್ಚೆಂದರೆ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ; ಅದರ ಮೇಲೆ ಬೇಕಾದ ಚಾನೆಲ್ಲನ್ನು ಬಿಡಿಬಿಡಿಯಾಗಿ ಕೊಳ್ಳಬಹುದು. 130ರ ಮಿತಿಯನ್ನು 2024ರಲ್ಲಿ ತೆಗೆದರು, ಬಿಡಿಯಾಗಿ ಆರಿಸುವ ಹಕ್ಕು ಉಳಿದಿದೆ. ಗಡಿಯ ಕನ್ನಡಿಗನಿಗೆ ಇದಕ್ಕಿಂತ ಉಪಯೋಗದ ನಿಯಮ ಟಿವಿಯ ಲೋಕದಲ್ಲಿ ಬಂದಿಲ್ಲ. ಇನ್ನೂ ಒಂದು ಮಾತು. ಡಿಜಿಟಲ್ ಕೇಬಲ್ ಕಡ್ಡಾಯವಾಗಿ ತೋರಿಸಬೇಕಾದ ದೂರದರ್ಶನದ ವಾಹಿನಿಗಳಲ್ಲಿ ಬೆಂಗಳೂರಿನ ಚಂದನವೂ ಒಂದು. ಮಹಾರಾಷ್ಟ್ರದ ಕೇಬಲ್ ಎಂದು ಅದನ್ನು ಬಿಡುವಂತಿಲ್ಲ.

ಚಂದನದ ಹೆಸರೆತ್ತಿದ್ದು ಬೇಕೆಂದೇ. ಕಬ್ಬು ಕಡಿಯಲು ಹೋಗುವ ಮನೆಗಳಿಗೆ ತಿಂಗಳ ರಿಚಾರ್ಜ್ ಭಾರವಾಗುತ್ತದೆ. ಅವರು ಹಾಕಿಸುವುದು ದೂರದರ್ಶನದ ಫ್ರೀ ಡಿಶ್. ಒಮ್ಮೆ ದುಡ್ಡು ಕೊಟ್ಟು ಕೂಡಿಸಿದರೆ ತಿಂಗಳ ಬಾಡಿಗೆ ಇಲ್ಲ. ಅದರಲ್ಲಿ ಚಂದನ ಬರುತ್ತದೆ. 2002ರಿಂದ ನಾ. ಸೋಮೇಶ್ವರರು ನಡೆಸಿಕೊಂಡು ಬಂದಿರುವ ‘ಥಟ್ ಅಂತ ಹೇಳಿ’ಯಲ್ಲಿ ಸರಿ ಉತ್ತರಕ್ಕೆ ಕನ್ನಡ ಪುಸ್ತಕ ಬಹುಮಾನ. ದಕ್ಷಿಣ ಸೋಲಾಪುರ, ಅಕ್ಕಲಕೋಟೆ, ಜತ್ತ ತಾಲೂಕುಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಆ ಮಕ್ಕಳಿಗೆ ಶಾಲೆಯ ಹೊರಗೆ ಕನ್ನಡದ ಅಕ್ಷರ ಕಣ್ಣಿಗೆ ಬೀಳುವುದೇ ಕಡಿಮೆ. ಅಂಗಡಿಯ ಬೋರ್ಡು, ಬಸ್ಸಿನ ಹಲಗೆ ಎಲ್ಲ ದೇವನಾಗರಿ. ಪರದೆಯ ಮೇಲೆ ಪ್ರಶ್ನೆಯನ್ನು ಕನ್ನಡದಲ್ಲಿ ಓದಿ, ಉತ್ತರ ಬರುವ ಮೊದಲೇ ಕೂಗುವ ಹುಡುಗ ಕನ್ನಡ ಶಾಲೆಯಲ್ಲಿ ಕಲಿತದ್ದು ವ್ಯರ್ಥವಲ್ಲವೆಂದು ತಾನೇ ಕಂಡುಕೊಳ್ಳುತ್ತಾನೆ. ಧಾರಾವಾಹಿಗಳ ಬೆಂಗಳೂರು ಮಾತು ಕೇಳಿ ನಮ್ಮ ಮಕ್ಕಳು ‘ಹೋಗ್ತಿದೀನಿ, ಬರ್ತಿದೀನಿ’ ಅನ್ನತೊಡಗಿದ್ದಾರೆ ಎಂದು ಹಿರಿಯರು ಕೊರಗುತ್ತಾರೆ. ಆ ಕೊರಗು ನನಗೂ ಇದೆ. ನಮ್ಮ ಭೀಮಾತೀರದ ಮಾತು ಟಿವಿಯಲ್ಲಿ ಹಾಸ್ಯದ ಪಾತ್ರಕ್ಕೆ ಮಾತ್ರ ಮೀಸಲಾದದ್ದು ನೋವಿನ ಸಂಗತಿ. ಆದರೂ ಕನ್ನಡವೇ ಇಲ್ಲದ ಮನೆಗಿಂತ ಬೆಂಗಳೂರಿನ ಕನ್ನಡ ಇರುವ ಮನೆ ವಾಸಿ.

ಇದನ್ನೆಲ್ಲ ಮರಾಠಿಯ ವಿರುದ್ಧದ ಮಾತೆಂದು ಯಾರೂ ತಿಳಿಯಬಾರದು. ಮರಾಠಿ ನಮ್ಮ ಅನ್ನದ ಭಾಷೆ, ನೆರೆಹೊರೆಯ ಭಾಷೆ; ದೂರದರ್ಶನದ ಮರಾಠಿ ವಾಹಿನಿ ಸಹ್ಯಾದ್ರಿಯ ಕೀರ್ತನೆ ಕೇಳುತ್ತ ಬೆಳೆದವರು ನಾವು. ಮೊಬೈಲಿನಲ್ಲಿ ಎಲ್ಲವೂ ಸಿಗುವಾಗ ಟಿವಿ ಯಾಕೆ ಎನ್ನುವವರೂ ಇದ್ದಾರೆ. ಮೊಬೈಲು ಒಬ್ಬೊಬ್ಬರ ಕೈಯಲ್ಲಿರುತ್ತದೆ. ಆಯಿ, ಸೊಸೆ, ಮೊಮ್ಮಕ್ಕಳು ಒಟ್ಟಿಗೆ ಕೂತು ಒಂದೇ ಮಾತು ಕೇಳುವುದು ಇಂದಿಗೂ ಟಿವಿಯ ಮುಂದೆಯೇ.

ಗಡಿಯ ಹಳ್ಳಿಯಲ್ಲಿ ಹೊಸದಾಗಿ ಕನೆಕ್ಷನ್ ತೆಗೆದುಕೊಳ್ಳುವವರಿಗೆ ನನ್ನ ಸಲಹೆ ಛತ್ರಿ. ಕೈ ಬಿಗಿಯಿದ್ದರೆ ಫ್ರೀ ಡಿಶ್. ಪೇಟೆಯಲ್ಲಿದ್ದು ಕೇಬಲ್ಲೇ ಅನುಕೂಲ ಅನ್ನುವವರು ಕೇಬಲ್ಲನ್ನೇ ಇಟ್ಟುಕೊಳ್ಳಲಿ, ಆದರೆ ಚಂದನ ತೋರಿಸೆಂದು ಹಕ್ಕಿನಿಂದ ಕೇಳಲಿ. ಯಾವುದನ್ನೇ ಹಾಕಿಸಿ, ಕೂಡಿಸಲು ಬಂದವರಿಗೆ ಬೇಕಾದ ಕನ್ನಡ ವಾಹಿನಿಗಳ ಹೆಸರನ್ನು ಒಂದೊಂದಾಗಿ ಹೇಳಿ, ಅವು ಪರದೆಯ ಮೇಲೆ ಬಂದ ಮೇಲೆಯೇ ದುಡ್ಡು ಕೊಡಿ.